ನಾನೇ ಬರೆದುಕೊಂಡ ಎರಡು ಸಾಲು

ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ಸು ಹತ್ತಿ, ನಡುವೆ ಮಸ್ಕಿಯಲ್ಲಿ ಇಳಿದುಬಿಟ್ಟೆ. ನಾನು ಮಾಡಿದ್ದು ಇಷ್ಟೇ. ಒಂದು ಸಲವಲ್ಲ, ಎರಡು ಸಲ. ಅತ್ತ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನನಗಾಗಿ ಹಾಸಿಗೆ ಹಾಕಿ, ಸಲೈನ್ ಕಂಬ ತಂದು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇತ್ತ ನಾನು ಮಸ್ಕಿಯಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ.

ಮೊದಲಿನಿಂದ ಹೇಳುತ್ತೇನೆ. ಗಣೇಶನ ಹಬ್ಬ ಮುಗಿದ ಮೇಲೆ ನನ್ನ ಹೊಟ್ಟೆ ಉಬ್ಬತೊಡಗಿತು. ವಾಯು ಅಂದುಕೊಂಡು ಓಂಕಾಳು ಜಗಿದೆ. ಕುಪ್ಪಸದ ಕೆಳಗಿನ ಗುಂಡಿ ಹಾಕಲು ಬರದಾದಾಗ ನಮ್ಮ ಮನೆಯವರು, "ಏನ್ಬೇ, ಈ ವಯಸ್ಸಿನ್ಯಾಗ ಬಸರೇನು?" ಎಂದು ನಗೆಯಾಡಿದರು. ನಾನೂ ನಕ್ಕೆ. ಸಿಂಧನೂರಿನಲ್ಲಿ ಸ್ಕ್ಯಾನಿಂಗ್ ಮಾಡಿದವರು ನಗಲಿಲ್ಲ. ಗರ್ಭಚೀಲದ ಪಕ್ಕದ ಅಂಡಾಶಯದಲ್ಲಿ ಗಡ್ಡೆ ಇದೆ, ಹೊಟ್ಟೆ ತುಂಬ ನೀರು ಇದೆ, ಬೇಗ ದೊಡ್ಡ ಊರಿಗೆ ಹೋಗಿರಿ ಎಂದರು. ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಎಲ್ಲ ತೆಗೆದರು. ಇನ್ನು ಮೂರು ವಾರಕ್ಕೊಮ್ಮೆ ಒಟ್ಟು ಆರು ಸಲ ಕೀಮೋ ಔಷಧ ಏರಿಸಬೇಕು, ಆರೂ ಆಗಲೇಬೇಕು ಎಂದು ಅಲ್ಲಿಯ ಡಾಕ್ಟರಮ್ಮ ಬೆರಳು ಮಡಚಿ ತೋರಿಸಿದರು. ಅಷ್ಟು ದೂರ ಬರುವುದು ಬೇಡ, ಲಿಂಗಸುಗೂರಿನಲ್ಲಿ ಒಂದು ಆಸ್ಪತ್ರೆಗೆ ಪ್ರತಿ ಗುರುವಾರ ಕೀಮೋ ಡಾಕ್ಟರು ಬರುತ್ತಾರೆ, ಅಲ್ಲೇ ಹಾಕಿಸಿಕೊಳ್ಳಿರಿ ಎಂದು ಚೀಟಿ ಬರೆದುಕೊಟ್ಟರು. ಒಂದು ಸಣ್ಣ ಪುಸ್ತಕವನ್ನೂ ಕೊಟ್ಟರು. ಔಷಧ ಏರಿಸಿದಾಗಲೆಲ್ಲ ಅದರಲ್ಲಿ ಒಂದು ಸಾಲು ತುಂಬಬೇಕು: ಎಷ್ಟನೆಯದು, ಯಾವ ದಿನ, ಯಾವ ಔಷಧ, ಕೊನೆಗೆ ನರ್ಸಮ್ಮನ ಸಹಿ.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಾಲ್ಕು ಹಾಕಿಸಿಕೊಂಡೆ. ನಾಲ್ಕು ಸಲವೂ ಮಗ ಜೊತೆಗೆ ಬಂದ. ಮೈಯೊಳಗಿನ ಎಲುಬೆಲ್ಲ ಒನಕೆಯಿಂದ ಕುಟ್ಟಿದಂತೆ ಆಗುತ್ತಿತ್ತು, ಬಾಯಿಗೆ ತಾಮ್ರದ ರುಚಿ ಬರುತ್ತಿತ್ತು. ಅದನ್ನು ತಡೆದೆ. ನೋವು ತಡೆಯುವುದು ನನಗೆ ದೊಡ್ಡ ಮಾತಲ್ಲ. ಆದರೆ ಎರಡನೆಯದಾದ ಮೇಲೆ ಒಂದು ಮುಂಜಾನೆ ತುರುಬು ಬಿಚ್ಚಿದರೆ ತುರುಬೇ ಕೈಗೆ ಬಂತು. ಸೊಸೆ ಗುಡಿಸಿ ತೆಗೆದಳು. ಹೊಟ್ಟೆಯಲ್ಲಿ ಗಡ್ಡೆ ಎಂದಾಗ ಅಳದವಳು ಅವತ್ತು ಬಚ್ಚಲಲ್ಲಿ ಕೂತು ಅತ್ತೆ. ನಗುವವರು ನಗಲಿ.

ಸಂಕ್ರಾಂತಿ ಆದ ವಾರದಲ್ಲಿ ಮೊಮ್ಮಗಳ ನಿಶ್ಚಯವಾಯಿತು. ಗಂಡಿನ ಕಡೆಯವರು ಮುದಗಲ್ಲಿನವರು. ಬಸವ ಜಯಂತಿ ಕಳೆದ ಮೇಲೆ ಮದುವೆ ಎಂದಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಸುರಗಿ ಇರುತ್ತದೆ. ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನೂ ಅವಳ ತಾಯಿಯನ್ನೂ ಅಜ್ಜಿಯನ್ನೂ ಕೂಡಿಸಿ, ಎಣ್ಣೆ ಅರಿಷಿಣ ಹಚ್ಚಿ ತಲೆಯ ಮೇಲೆ ನೀರು ಸುರಿಯುತ್ತಾರೆ. ನಾವು ಯಾವತ್ತೂ ತಲೆಯ ಮೇಲಿನ ಸೆರಗು ತೆಗೆಯುವವರಲ್ಲ. ಅಲ್ಲಿ ಮಾತ್ರ ಹತ್ತು ಜನರ ಎದುರು ತೆಗೆಯಲೇಬೇಕು. ನಿಶ್ಚಯದ ದಿನವೇ ಗಂಡಿನ ಅಜ್ಜಿ ಎಲೆ ಮಡಚುತ್ತ ನನ್ನ ಹಣೆಯ ಮೇಲಿನ ಸೆರಗನ್ನು ನೋಡಿ, "ಸುರಗಿಯೊಳಗ ಯಾರ್ನ ಕುಂದ್ರಸ್ತೀರಿ? ನೀವಂತೂ ಹಿಂಗಾಗೀರಿ. ಮುತ್ತೈದಿ ಬೋಳ ತಲೀಲೆ ಕುಂತ್ರ ನೋಡಾವ್ರು ಏನಂತಾರ?" ಎಂದಳು. ಕೆಟ್ಟ ಮನಸ್ಸಿನಿಂದ ಅಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಡಕೆ ಕತ್ತರಿಸಿದಷ್ಟು ಸಲೀಸಾಗಿ ಅಂದಳು.

ನಾನು ಎಣಿಸಿದೆ. ಆರೂ ಮುಗಿಯುವಾಗ ಶಿವರಾತ್ರಿ ಆಗುತ್ತದೆ. ಆಮೇಲೆ ಕೂದಲು ಚಿಗುರಿದರೆ ಸುರಗಿಯ ಹೊತ್ತಿಗೆ ತಲೆ ಮೇಲೆ ಬರೀ ಮಾಸಲು ನೆರಳು. ಈಗಲೇ ಬಿಟ್ಟರೆ ಬೆರಳಿನ ಎರಡು ಗೆಣ್ಣಿನಷ್ಟಾದರೂ ಬಂದೀತು. ನಾಲ್ಕು ಆಗಿವೆ, ಹೊಟ್ಟೆ ಇಳಿದಿದೆ, ಉಣ್ಣುತ್ತೇನೆ, ತಿರುಗಾಡುತ್ತೇನೆ. ಇನ್ನೆರಡು ಇದ್ದರೆಷ್ಟು, ಬಿಟ್ಟರೆಷ್ಟು?

ಐದನೆಯ ಸಲ ಮಗನಿಗೆ, "ನೀ ಬರೋದು ಬ್ಯಾಡಪ್ಪ, ಮದುವಿ ಕೆಲಸ ನೋಡು. ಮಸ್ಕ್ಯಾಗ ನಿಮ್ಮ ಚಿಗವ್ವ ಬಸ್ ಹತ್ತತಾಳ, ಆಕಿ ಇರ್ತಾಳ ನನ್ನ ಜೋಡಿ" ಎಂದೆ. ಮಗ ನಂಬಿದ. ಮಸ್ಕಿಯಲ್ಲಿ ಇಳಿದು ತಂಗಿಗೆ, "ಡಾಕ್ಟರು ಇವತ್ತ ಬಂದಿಲ್ಲಂತ, ಫೋನ್ ಮಾಡಿದ್ರು" ಎಂದೆ. ತಂಗಿಯೂ ನಂಬಿದಳು. ಆರನೆಯ ಸಲ ನಂಬಲಿಲ್ಲ.

"ಅಕ್ಕಾ, ಇವತ್ತೂ ಬಂದಿಲ್ಲೇನು ನಿನ್ನ ಡಾಕ್ಟರು?"

"ಇಲ್ಲ."

"ನನ್ನ ಕಣ್ಣಾಗ ಕಣ್ಣಿಟ್ಟು ಹೇಳು."

"ರೊಟ್ಟಿ ಹೊತ್ತಾಕತ್ತೇತಿ ನೋಡು, ಮೊದ್ಲ ತಿರುವಿ ಹಾಕು."

ಅವಳು ತಿರುವಿ ಹಾಕಲಿಲ್ಲ. ರೊಟ್ಟಿ ಹೊತ್ತಿತು. ನಾನು ಅವಳ ಕೈ ಹಿಡಿದು ಕೊರಳಲ್ಲಿನ ಲಿಂಗದ ಮೇಲೆ ಇಡಿಸಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡೆ. ತಂಗಿಯ ಬಾಯಿ ಕಟ್ಟಲು ಲಿಂಗವನ್ನು ಬಳಸಿಕೊಂಡವಳು ನಾನು.

ಎರಡೂ ಸಲ ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಮನೆಯ ಮುಂದೆ ಆಟೋ ಇಳಿಯುವಾಗ ಸೊಸೆಯ ಹೆಗಲ ಮೇಲೆ ಭಾರ ಬಿಟ್ಟೆ. ವಾಕರಿಕೆ ಬರುವವಳಂತೆ ಬಾಯಿಗೆ ಸೆರಗು ಹಿಡಿದೆ. ನಮ್ಮ ಮನೆಯವರು ಕಾಲುವೆಯ ನೀರಿನ ಪಾಳಿ ಬಿಟ್ಟು ಬಂದು, ಕೆಸರಿನ ಕೈ ತೊಳೆದು, ಲಿಂಬೆಹಣ್ಣು ಹಿಂಡಿ, ಉಪ್ಪು ಸಕ್ಕರೆ ಕದಡಿ ಕೊಟ್ಟರು. ಮದುವೆಯಾಗಿ ನಲವತ್ತು ವರ್ಷದ ಮೇಲಾಯಿತು, ಆ ಮನುಷ್ಯ ತಾನಾಗಿ ನೀರು ತುಂಬಿಕೊಂಡು ಕುಡಿದದ್ದನ್ನು ನಾನು ನೋಡಿಲ್ಲ. ಸಣ್ಣ ಗುಟುಕಿನಲ್ಲಿ ಕುಡಿದೆ, ಬೇನೆಯವರು ಕುಡಿದ ಹಾಗೆ.

ಪುಸ್ತಕದ ಎರಡು ಸಾಲು ಉಳಿದಿದ್ದವು. ನಾನು ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಕಣ್ಣಿಗೆ ಕಂಡ ಗೆರೆಯನ್ನು ಕೈ ಎಳೆಯುತ್ತದೆ. ದಿನಾ ಅಂಗಳದಲ್ಲಿ ರಂಗೋಲಿ ಹಾಕಿದ ಕೈ ಅದು. ಮೊಮ್ಮಗಳ ನೀಲಿ ಪೆನ್ನು ತೆಗೆದುಕೊಂಡು, ಮೇಲಿನ ಸಾಲನ್ನು ನೋಡಿ ನೋಡಿ ಕೆಳಗಿನ ಸಾಲು ಇಳಿಸಿದೆ. ಔಷಧದ ಹೆಸರು, ನರ್ಸಮ್ಮನ ಸಹಿಯ ಬಾಲ, ಎಲ್ಲ ಹಾಗೇ ಬಂತು. ದಿನ ಮಾತ್ರ ಕ್ಯಾಲೆಂಡರ್ ನೋಡಿ ಹಾಕಿದೆ. ಬರೆದು ಮುಗಿಸಿ ದೂರ ಹಿಡಿದು ನೋಡಿದಾಗ, ಚಲೋ ಬಂದಿದೆ ಎಂದು ಹೆಮ್ಮೆಯಾಯಿತು. ಈಗ ನೆನೆದರೆ ಅದೇ ಎಲ್ಲಕ್ಕಿಂತ ಹೇಸಿಗೆ ಅನ್ನಿಸುತ್ತದೆ.

ಲಿಂಗಸುಗೂರಿನ ನರ್ಸಮ್ಮ ಎರಡು ಸಲ ಫೋನ್ ಮಾಡಿದಳು. "ಅಮ್ಮಾ, ಗುರುವಾರ ಬರ್ಲಿಲ್ಲಲ್ರೀ?" ಎಂದಳು. ದೊಡ್ಡಾಸ್ಪತ್ರೆಯಲ್ಲೇ ಹಾಕಿಸಿಕೊಳ್ಳುತ್ತಿದ್ದೇನೆ ಎಂದೆ. "ಎಲ್ಲ್ಯರ ಹಾಕಿಸ್ಕೊಳ್ರಿ, ಆರು ಮುಗಸ್ರಿ ಅಷ್ಟ" ಎಂದು ಇಟ್ಟಳು.

ಸುರಗಿಯ ದಿನ ಬಂತು. ಸೆರಗು ತೆಗೆದು ಕೂತೆ. ತಲೆಯ ಮೇಲೆ ಎರಡು ಗೆಣ್ಣು ಕೂದಲು, ಅರ್ಧ ಬಿಳಿ ಅರ್ಧ ಬೂದಿ. ನೀರು ಸುರಿಯುವವರಿಗೆ ನೂಲು ತೊಡಕಿ, ಒಬ್ಬಳು ಜಾರಿ ಬಿದ್ದು, ಎಲ್ಲರೂ ನಗುವುದರಲ್ಲೇ ಇದ್ದರು. ನನ್ನ ತಲೆಯನ್ನು ಯಾರೂ ನೋಡಲಿಲ್ಲ. ಮುದಗಲ್ಲಿನ ಆ ಅಜ್ಜಿ ಮೊಣಕಾಲು ನೋವೆಂದು ಸುರಗಿಗೆ ಬಂದೇ ಇರಲಿಲ್ಲ. ಮೊಮ್ಮಗಳು ಒದ್ದೆ ಕೈಯಿಂದ ನನ್ನ ನೆತ್ತಿ ಸವರಿ, "ಅಜ್ಜೀ, ನಿನ್ನ ತಲಿ ಕುರಿಮರಿ ಬೆನ್ನಾಗೇತಿ ನೋಡ" ಎಂದು ನಕ್ಕಳು. ಬೋಳಾಗಿದ್ದರೂ ಅವಳು ಹಾಗೇ ಸವರುತ್ತಿದ್ದಳು. ಅದು ನನಗೆ ಮೊದಲೇ ಗೊತ್ತಿತ್ತು. ಮೊಮ್ಮಗಳಿಗಾಗಿ ಮಾಡಿದೆ ಎಂದು ಒಂದೆರಡು ಸಲ ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ನನಗಾಗಿ ಮಾಡಿಕೊಂಡೆ.

ಶ್ರಾವಣದಲ್ಲಿ ಹೊಟ್ಟೆ ಮತ್ತೆ ಬಿಗಿಯಿತು. ಗುಂಡಿ ಹಾಕಲು ಬರಲಿಲ್ಲ. ಈ ಸಲ ಯಾರೂ ನಗೆಯಾಡಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೊಸ ಸ್ಕ್ಯಾನಿಂಗ್ ನೋಡಿ, ಆ ಪುಸ್ತಕ ತೆರೆದು ನನ್ನ ಎರಡು ಸಾಲಿನ ಮೇಲೆ ಬೆರಳಿಟ್ಟರು. "ಆರೂ ಆಗಿವೆ. ಕೊನೆಯದು ಶಿವರಾತ್ರಿ ಹೊತ್ತಿಗೆ. ಇನ್ನೂ ಐದೇ ತಿಂಗಳು. ಆರು ತಿಂಗಳ ಒಳಗೇ ತಿರುಗಿ ಬಂದರೆ, ಆ ಔಷಧಕ್ಕೆ ರೋಗ ಬಗ್ಗುತ್ತಿಲ್ಲ ಎಂದು ನಾವು ತಿಳಿಯುತ್ತೇವೆ. ಅದನ್ನೇ ಮತ್ತೆ ಕೊಟ್ಟು ಪ್ರಯೋಜನವಿಲ್ಲ. ಬೇರೆ ಔಷಧಕ್ಕೆ ಹೋಗೋಣ" ಎಂದರು.

ಮಗನಿಗೆ ಸಿಟ್ಟು ಬಂತು. "ಲಿಂಗಸುಗೂರಾಗ ಔಷಧ ಹಾಕ್ಯಾರೋ, ಬರೇ ನೀರ ಏರ್ಸ್ಯಾರೋ! ನಮ್ಮವ್ವ ಒಂದೂ ತಪ್ಪಿಸಿಲ್ಲ ಮೇಡಮ್ಮಾರ, ಆರಕ್ಕ ಆರೂ ಹಾಕಿಸಿಕೊಂಡಾಳ" ಎಂದು ಮೇಜು ಬಡಿದ. ಹೊರಗೆ ಕೂತವರೆಲ್ಲ ಒಳಗೆ ಇಣುಕಿದರು. ನಾನು ನನ್ನ ಕಾಲುಂಗುರ ನೋಡುತ್ತ ಕೂತೆ.

ಹೊರಗೆ ಬೆಂಚಿನ ಮೇಲೆ ನಮ್ಮ ಮನೆಯವರು ಮಗನಿಗೆ ತಿಳಿಸಿ ಹೇಳಿದರು. "ಭತ್ತಕ್ಕ ಜಿಗಿಹುಳ ಬಿದ್ದಾಗ ನೋಡಿಲ್ಲೇನೋ? ಹುಳದ ಎಣ್ಣಿ ಹೊಡೆಯೋದು ಅರ್ಧಕ್ಕ ಬಿಟ್ರ ಸಾಯದಾವು ಉಳಿತಾವು, ಅವ ಮರಿ ಹಾಕ್ತಾವು. ಮುಂದ ಆ ಎಣ್ಣಿಗೆ ಜಗ್ಗಂಗಿಲ್ಲ. ಆದ್ರ ಇಕಿ ಅರ್ಧಕ್ಕ ಬಿಟ್ಟಿಲ್ಲಲ್ಲ, ಪೂರಾ ಹಾಕಿಸಿಕೊಂಡಾಳ. ಹಿಂಗ್ಯಾಕಾತು, ಅದ ತಿಳಿವಲ್ದು." ಅವರು ನನ್ನನ್ನು ಚುಚ್ಚಲು ಅಂದದ್ದಲ್ಲ. ಅವರಿಗೆ ನಿಜವಾಗಿ ತಿಳಿದಿರಲಿಲ್ಲ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರೆ ಲಿಂಬೆಹಣ್ಣಿನ ನೀರು ನೆನಪಾಗುತ್ತಿತ್ತು, ಮುಚ್ಚಿಕೊಳ್ಳುತ್ತಿದ್ದೆ.

ದೊಡ್ಡಾಸ್ಪತ್ರೆಯಲ್ಲೇ ಬೇರೆ ಔಷಧ ಶುರುವಾಯಿತು. ನಾಲ್ಕು ವಾರಕ್ಕೊಮ್ಮೆ, ಕೆಂಪು ಬಣ್ಣದ್ದು. ಅಂಗೈ ಅಂಗಾಲು ಸುಲಿದು ಬಂದವು. ರೊಟ್ಟಿ ಬಡಿಯಲು ಹೋದರೆ ಹಿಟ್ಟಿಗೆ ರಕ್ತ ಹತ್ತಿತು. ಹೊಟ್ಟೆ ಇಳಿಯಲಿಲ್ಲ.

ಇಷ್ಟರಲ್ಲಿ ಇನ್ನೊಂದಾಯಿತು. ನಮ್ಮೂರು ವಳಕಮದಿನ್ನಿಯಲ್ಲಿ ನಮ್ಮದೇ ಓಣಿಯ ಒಬ್ಬಳಿಗೆ ಮೊಲೆಯಲ್ಲಿ ಗಂಟು ಬಂದು ಆಪರೇಷನ್ ಆಗಿತ್ತು. ನನ್ನ ಸೊಸೆಯ ವಾರಿಗೆಯವಳು, ಕೂಲಿ ಮಾಡಿಕೊಂಡಿರುವ ಹೆಣ್ಣುಮಗಳು. ಅವಳಿಗೂ ಲಿಂಗಸುಗೂರಿಗೇ ಬರೆದುಕೊಟ್ಟಿದ್ದರು. ನನ್ನ ಮಗ ಕಟ್ಟೆಯ ಮೇಲೆ ಕೂತಾಗಲೆಲ್ಲ, ಅಲ್ಲಿ ಹೋಗಬೇಡಿರಿ, ಅಲ್ಲಿ ನೀರು ಏರಿಸುತ್ತಾರೆ ಎಂದು ಸಾರಿದ್ದ. ಅವಳು ಒಂದು ದಿನ ನನ್ನ ಹತ್ತಿರ ಬಂದು, "ಹೌದೇನ್ರೀ ಅತ್ತಿ? ನೀವ ಹೇಳ್ರಿ, ಹೋಗ್ಲೋ ಬಿಡ್ಲೋ?" ಎಂದು ಕೇಳಿದಳು. "ನನಗೇನ ತಿಳಿತೈತವ್ವ, ನಿನ್ನ ಮನಸ್ಸಿಗೆ ಬಂದಂಗ ಮಾಡು" ಎಂದೆ.

ದಸರೆಗೆ ಮುಂಚೆ ಒಂದು ಗುರುವಾರ ನಾನು ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೊರಟಿದ್ದೆ. ಅವಳು ಬೇರೆಯವರ ಗದ್ದೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಳು. ಆಪರೇಷನ್ ಆದ ಕಡೆಯ ತೋಳು ಬಾತಿತ್ತು, ಇನ್ನೊಂದು ಕೈಯಿಂದ ಕೀಳುತ್ತಿದ್ದಳು.

"ಇವತ್ತ ಗುರುವಾರ ಅಲ್ಲೇನಬೇ?" ಎಂದೆ.

"ಹೌದ್ರಿ. ಆದ್ರೇನು? ನೀವು ಆರು ಹಾಕಿಸಿಕೊಂಡ್ರಿ, ಏನಾತು? ತಲಿ ಬೋಳಿಸಿಕೊಂಡೂ ಸಾಯೋದಾದ್ರ ಕೂದ್ಲ ಇಟಗೊಂಡ ಸಾಯ್ತೀನಿ."

ಗದ್ದೆಯ ಬದುವಿನ ಮೇಲೆ ಬುತ್ತಿ ಹಿಡಿದು ನಿಂತೆ. ಹೇಳುವುದಿದ್ದರೆ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ಹೋದೆ.

ಮುಂದಿನ ವಾರ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ ತಲೆ ಅಲ್ಲಾಡಿಸಿದರು. ಈ ಔಷಧಕ್ಕೂ ಬಗ್ಗಿಲ್ಲ, ಇನ್ನೊಂದು ನೋಡಬೇಕು ಎಂದು ಪೆನ್ನು ತೆಗೆದರು. ಒಂದು ಕಡೆ ಮಗ, ಒಂದು ಕಡೆ ನಮ್ಮ ಮನೆಯವರು. ನಾನು, "ಆರಲ್ರಿ, ನಾಕು" ಎಂದೆ.

"ಏನಂದ್ರಿ?"

"ನಾ ಹಾಕಿಸಿಕೊಂಡದ್ದು ನಾಕ. ಸಂಕ್ರಾಂತಿದ ಕಡೀದು. ಕೆಳಗಿನ ಎರಡು ಸಾಲು ನಾ ಬರದೀನಿ."

ಮಗ, "ಯವ್ವಾ, ಏನ ಮಾತಾಡಾಕತ್ತಿ?" ಎಂದ. ಎಲ್ಲ ಹೇಳಿದೆ. ಮಸ್ಕಿ, ತಂಗಿ, ನೀಲಿ ಪೆನ್ನು, ಸುರಗಿ. ಕೂದಲಿನ ಮಾತು ಬಂದಾಗ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಯಿತು. ಡಾಕ್ಟರಮ್ಮ, "ಜೋರಾಗಿ ಹೇಳಿ" ಎಂದರು. ಜೋರಾಗಿ ಹೇಳಿದೆ.

ಅವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಆ ಎರಡು ಸಾಲು ನೋಡಿದರು. ಆಮೇಲೆ ಅಂದರು: "ಈ ಮೂರು ತಿಂಗಳು ನಾನು ನಿಮಗೆ ಔಷಧ ಕೊಡಲಿಲ್ಲಮ್ಮ. ಈ ಪುಸ್ತಕಕ್ಕೆ ಕೊಟ್ಟೆ. ಇದರಲ್ಲಿ ಇರುವ ಹೆಂಗಸು ಬೇರೆ, ನೀವು ಬೇರೆ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಸಂಕ್ರಾಂತಿಯಿಂದ ಶ್ರಾವಣಕ್ಕೆ ಎಣಿಸಿದರೆ ಆರೂವರೆ ತಿಂಗಳಾಗುತ್ತದೆ ಎಂದು ಹೇಳಿದರು. ಅಂದರೆ ಹಳೆಯ ಔಷಧ ಸೋತಿದೆ ಎಂದು ಆಗ ಖಂಡಿತವಾಗಿ ಹೇಳುವ ಹಾಗಿರಲಿಲ್ಲ. ಆರು ತಿಂಗಳೆಂಬುದೇನು ಕಲ್ಲಿನ ಮೇಲೆ ಕೊರೆದ ಗೆರೆಯಲ್ಲ, ಆದರೂ ನಿಜ ಗೊತ್ತಿದ್ದರೆ ಮೊದಲು ಅದನ್ನೇ ಮತ್ತೆ ಕೊಟ್ಟು ನೋಡುತ್ತಿದ್ದೆ ಎಂದರು. ಈಗ ಕೊಡೋಣವೇ ಎಂದು ಕೇಳಿದ ಮಗನಿಗೆ, "ಕೊಡೋಣ. ಕೇಳುತ್ತದೆ ಎಂದು ಮಾತು ಕೊಡುವುದಿಲ್ಲ. ಮೂರು ತಿಂಗಳು ಸುಮ್ಮನೆ ಹೋಗಿವೆ" ಎಂದರು. ಅವನಿಗೆ ಮೇಜು ಬಡಿಯಲು ಕೈ ಬರಲಿಲ್ಲ.

ಹೊರಗೆ ಅದೇ ಬೆಂಚಿನ ಮೇಲೆ ನಮ್ಮ ಮನೆಯವರು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಎಲ್ಲರ ಮುಂದೆ ಎರಡು ಬಡಿದರೂ ಬಡಿಯಲಿ ಅಂದುಕೊಂಡೆ. ಅವರು ಎದುರಿನ ಗೋಡೆ ನೋಡುತ್ತ, "ಲಿಂಬಿಹಣ್ಣ ಹಿಂಡಿ ಕೊಟ್ಟಿದ್ನಲ್ಲಬೇ ನಿನಗ" ಎಂದರು. ಅಷ್ಟೇ.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಆ ಹೆಣ್ಣುಮಗಳ ಮನೆಯ ಮುಂದೆ ಹೋಗಿ ನಿಂತೆ. ಅವಳು ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅಕ್ಕಪಕ್ಕದವರೂ ಇದ್ದರು. ನಿಂತುಕೊಂಡೇ ಹೇಳಿದೆ. ಆಸ್ಪತ್ರೆಯವರ ತಪ್ಪಿಲ್ಲ, ಔಷಧದ ತಪ್ಪಿಲ್ಲ, ನಾನು ಹೋಗಲೇ ಇಲ್ಲ ಎಂದು.

ಅವಳು ಮೊರ ಕೆಳಗಿಟ್ಟಳು. "ನಿಮ್ಮ ಕೂದ್ಲದ ಸಲುವಾಗಿ ನನ್ನ ಜೀವ ತಗಿತಿದ್ರಲ್ರೀ" ಎಂದಳು. ಅಲ್ಲಿದ್ದ ಯಾರೂ ಅವಳನ್ನು ತಡೆಯಲಿಲ್ಲ. "ಅವತ್ತ ಗದ್ಯಾಗ ಬುತ್ತಿ ಹಿಡಕೊಂಡ ನಿಂತಿದ್ರಿ. ಹೇಳಾಕ ಏನ ಬ್ಯಾನಿ ಬಂದಿತ್ತು?"

"ಏನೂ ಬಂದಿದ್ದಿಲ್ಲ. ನಾಚಿಕಿ ಬಂದಿತ್ತು" ಎಂದೆ.

"ಇವತ್ತ ಹೋತೇನು ನಾಚಿಕಿ?"

"ಇಲ್ಲ. ಗುರುವಾರ ನಾ ಹೊಂಟೀನಿ. ಬಾ."

ಬಂದಳು. ನಮ್ಮ ಮನೆಯವರೂ ಬಂದರು. ಬರುತ್ತೇನೆ ಎಂದು ಹೇಳಲಿಲ್ಲ, ಧೋತರ ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಮಸ್ಕಿಯಲ್ಲಿ ಬಸ್ಸು ನಿಂತಿತು. ಅವಳು ನನ್ನ ಕಡೆ ತಿರುಗಿ, "ಮಸ್ಕಿ ಬಂತ ನೋಡ್ರೀ ಅತ್ತಿ. ಇಳಿಯಾಂಗಿದ್ರ ಇಳೀರಿ" ಎಂದಳು. ಹಿಂದಿನ ಸೀಟಿನವರು ನಕ್ಕರು. ಅವರಿಗೆ ಯಾಕೆಂದು ಗೊತ್ತಿರಲಿಲ್ಲ, ಅವಳು ಅಂದ ಧಾಟಿಗೆ ನಕ್ಕರು.

ಲಿಂಗಸುಗೂರಿನ ನರ್ಸಮ್ಮನ ಮುಂದೆ ಪುಸ್ತಕ ಇಟ್ಟು, ಇದು ನಾನು ಹಾಕಿದ ಸಹಿ ಎಂದೆ. ಅವಳು ಕಣ್ಣಿನ ಹತ್ತಿರ ತಂದು ನೋಡಿದಳು. "ಅಯ್ಯ ಶಿವನ, ನನ್ನ ಸಹಿ ನನಗಿಂತ ಚಂದ ಹಾಕೀರಲ್ರೀ ಅಮ್ಮಾ! ನಾಳಿಂದ ನೀವ ಡ್ಯೂಟಿಗೆ ಬರ್ರಿ, ನಾ ಮನ್ಯಾಗ ಮಲಗ್ತೀನಿ." ಬಾಯಿಯಲ್ಲಿ ನಗೆಯಿತ್ತು, ಮುಖದಲ್ಲಿ ಇರಲಿಲ್ಲ. ನನ್ನ ಮಗ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಕೆಂಪು ಪೆನ್ನು ತೆಗೆದು ಎರಡೂ ಸಾಲುಗಳ ಮೇಲೆ ಅಡ್ಡ ಗೆರೆ ಎಳೆದಳು. ಅದರ ಕೆಳಗೆ ಐದನೆಯದು ಎಂದು ಮತ್ತೆ ಬರೆದಳು.

ಈಗ ಮೂರು ಸಲ ಆಗಿದೆ. ಹೊಟ್ಟೆಯ ನೀರು ಇಳಿದಿದೆ. ರಕ್ತದ ಪರೀಕ್ಷೆಯೂ ಸ್ವಲ್ಪ ಚಲೋ ಇದೆಯಂತೆ. ಈ ಸಲದ ಮಟ್ಟಿಗೆ ಕೇಳಿದೆ, ಮುಂದೊಂದು ದಿನ ಇದೂ ಕೇಳದೇ ಹೋಗಬಹುದು, ಆವಾಗ ಬೇರೆ ನೋಡೋಣ ಎಂದು ಡಾಕ್ಟರಮ್ಮ ಹೇಳಿದ್ದಾರೆ. ತಲೆ ಮತ್ತೆ ಬೋಳಾಗಿದೆ. ಆ ಹೆಣ್ಣುಮಗಳದೂ ಆಗಿದೆ. ಅವಳಿಗೆ ಎಷ್ಟು ವಾರ ತಪ್ಪಿತು, ಅದರಿಂದ ಏನಾಗುತ್ತದೆ ಎಂದು ನಾನು ಕೇಳಿಲ್ಲ. ಕೇಳಲು ನನಗೆ ಮುಖವಿಲ್ಲ.

ನಮ್ಮ ಮನೆಯವರು ಔಷಧ ಏರಿಸುವ ಗುರುವಾರಗಳಲ್ಲೆಲ್ಲ ಜೊತೆಗೆ ಬರುತ್ತಾರೆ. ಕೊನೆಯ ಹನಿ ಇಳಿಯುವವರೆಗೂ ಸ್ಟೂಲಿನ ಮೇಲೆ ಕೂತು ಬಾಟಲಿಯನ್ನೇ ನೋಡುತ್ತಾರೆ. ಮನೆಗೆ ಬಂದ ಮೇಲೆ ಲಿಂಬೆಹಣ್ಣು ಸೊಸೆ ಹಿಂಡಿ ಕೊಡುತ್ತಾಳೆ. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಕಡೆ ಕೂಡಿಸಿ ತಾವು ಈಚೆ ಕೂರುತ್ತಾರೆ. ಮಸ್ಕಿ ಬಂದು ಬಸ್ಸು ನಿಂತಾಗ ಮುಂದಿನ ಸೀಟಿನ ಸರಳಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಸ್ಸು ಹೊರಟ ಮೇಲೆ ತೆಗೆಯುತ್ತಾರೆ.